ಅಂಟುತ್ತಿರುವುದು ಕೊಳೆಯಲ್ಲ, ರಬ್ಬರೇ

ಹಳೇ ರಿವಾಲ್ವರ್ ತಂದು ಟೇಬಲ್ ಮೇಲೆ ಇಟ್ಟವರು ಹೇಳುವ ಮಾತು ಹೆಚ್ಚುಕಡಿಮೆ ಒಂದೇ. "ಹಿಡಿ ಯಾಕೋ ಅಂಟುತ್ತೆ ಸಾರ್, ಎಷ್ಟು ಒರೆಸಿದರೂ ಹೋಗ್ತಿಲ್ಲ." ಯಾವುದರಲ್ಲಿ ಒರೆಸಿದಿರಿ ಅಂತ ಕೇಳಿದರೆ ಉದ್ದ ಪಟ್ಟಿಯೇ ಬರುತ್ತದೆ. ಗನ್ ಆಯಿಲ್, ಸೀಮೆಎಣ್ಣೆ, ಪೆಟ್ರೋಲ್, ಥಿನ್ನರ್, ಕಾರಿನ ಡ್ಯಾಶ್‌ಬೋರ್ಡ್‌ಗೆ ಹಾಕುವ ಪಾಲಿಶ್. ಯಾವುದೂ ಕೆಲಸ ಮಾಡಿರುವುದಿಲ್ಲ. ಒಂದು ವಾರ ಸರಿ ಇದ್ದಂತೆ ಕಾಣುತ್ತದೆ, ಆಮೇಲೆ ಮೊದಲಿಗಿಂತ ಜಾಸ್ತಿ ಅಂಟುತ್ತದೆ.

ಜಾಸ್ತಿ ಆಗುವುದಕ್ಕೆ ಕಾರಣವೂ ಆ ಪಟ್ಟಿಯಲ್ಲೇ ಇದೆ. ಆದರೆ ಇದನ್ನು ಎಷ್ಟು ಸಲ ಹೇಳಿದರೂ ಜನರ ಮನಸ್ಸಿಗೆ ಹೋಗುವುದಿಲ್ಲ. ಅದಕ್ಕೇ ಇಲ್ಲಿ ನಿಧಾನವಾಗಿ ಹೇಳುತ್ತೇನೆ.

ಕೈಗೆ ಹತ್ತುವ ಆ ಕಪ್ಪು ಜಿಗುಟು ಹೊರಗಿನಿಂದ ಬಂದು ಕೂತ ಕೊಳೆಯಲ್ಲ. ಬಹಳಷ್ಟು ಸಲ ಅದು ಹಿಡಿಯ ರಬ್ಬರೇ. ರಬ್ಬರ್ ಅಂದರೆ ಉದ್ದುದ್ದ ಎಳೆಗಳು ಒಂದಕ್ಕೊಂದು ಹೆಣೆದುಕೊಂಡಿರುವ ವಸ್ತು. ಗಾಳಿಯ ಆಮ್ಲಜನಕ, ಬಿಸಿ, ಬೆಳಕು, ಬೆವರು, ಎಣ್ಣೆ, ಇವು ವರ್ಷಗಟ್ಟಲೆ ಕೆಲಸ ಮಾಡಿದರೆ ಆ ಎಳೆಗಳು ತುಂಡಾಗುತ್ತವೆ. ತುಂಡಾದ ಎಳೆಗಳಿಗೆ ಒಂದನ್ನೊಂದು ಬಿಗಿ ಹಿಡಿದುಕೊಳ್ಳುವ ಶಕ್ತಿ ಇರುವುದಿಲ್ಲ. ಆಗ ರಬ್ಬರ್ ಮೆತ್ತಗಾಗಿ ಅಂಟತೊಡಗುತ್ತದೆ. ನೈಸರ್ಗಿಕ ರಬ್ಬರ್ ಹಾಳಾಗುವುದು ಸಾಮಾನ್ಯವಾಗಿ ಹೀಗೆ. ನಿಯೋಪ್ರೀನ್, ನೈಟ್ರೈಲ್‌ನಂಥ ಕೃತಕ ರಬ್ಬರ್‌ಗಳು ಹೆಚ್ಚಾಗಿ ಇದಕ್ಕೆ ಉಲ್ಟಾ. ಅವು ಗಟ್ಟಿಯಾಗಿ ಬಿರುಕು ಬಿಡುತ್ತವೆ. ಇನ್ನು ಕೆಲವು ಹಿಡಿಗಳನ್ನು ಪ್ಲಾಸ್ಟಿಕ್ ಜಾತಿಯ ಮೃದು ರಬ್ಬರ್‌ನಿಂದ ಮಾಡಿರುತ್ತಾರೆ. ಅದನ್ನು ಮೆತ್ತಗಿಡಲು ಒಳಗೆ ಎಣ್ಣೆಯಂಥ ಪದಾರ್ಥ ಸೇರಿಸಿರುತ್ತಾರೆ. ಕಾಲ ಕಳೆದಂತೆ ಅದು ಮೇಲಕ್ಕೆ ಜಿನುಗುತ್ತದೆ. ಕೈಗೆ ಹತ್ತುವುದು ಅದೇ.

ಈಗ ಇದರ ಮೇಲೆ ಎಣ್ಣೆ ಹಾಕಿದರೆ ಏನಾಗುತ್ತದೆ ಯೋಚಿಸಿ. ನೈಸರ್ಗಿಕ ರಬ್ಬರ್ ಪೆಟ್ರೋಲಿಯಂ ಎಣ್ಣೆಯನ್ನು ಕುಡಿಯುತ್ತದೆ. ಕುಡಿದು ಊದುತ್ತದೆ. ಊದಿದ ರಬ್ಬರ್ ಇನ್ನಷ್ಟು ಮೆತ್ತಗಾಗುತ್ತದೆ. ಪೆಟ್ರೋಲ್, ಥಿನ್ನರ್ ಕತೆ ಇನ್ನೂ ಕೆಟ್ಟದ್ದು. ಅವು ಮೇಲಿನ ಹಾಳಾದ ಪದರವನ್ನು ಕರಗಿಸಿ ತೆಗೆಯುತ್ತವೆ, ಜೊತೆಗೆ ಕೆಳಗಿನ ಚೆನ್ನಾಗಿರುವ ರಬ್ಬರ್‌ನೊಳಗೂ ಇಳಿಯುತ್ತವೆ. ಒರೆಸಿದ ತಕ್ಷಣ ನುಣ್ಣಗೆ ಒಣಗಿದಂತೆ ಕಾಣುತ್ತದೆ. ಜನ ಮೋಸ ಹೋಗುವುದು ಇಲ್ಲೇ. "ನೋಡಿ ಸಾರ್, ಹೋಯ್ತು" ಅಂತ ಖುಷಿಯಿಂದ ಮನೆಗೆ ಹೋಗುತ್ತಾರೆ.

ನನಗೆ ಬೇಜಾರಾಗುವ ಸಂಗತಿ ಒಂದಿದೆ. ಅತಿ ಹೆಚ್ಚು ಹಾಳಾದ ಹಿಡಿಗಳನ್ನು ತರುವವರು ಅಸಡ್ಡೆಯ ಮನುಷ್ಯರಲ್ಲ. ತಿಂಗಳಿಗೊಮ್ಮೆ ರಿವಾಲ್ವರ್ ಹೊರಗೆ ತೆಗೆದು, ಬಟ್ಟೆಗೆ ಎಣ್ಣೆ ಹಚ್ಚಿ, ಬ್ಯಾರೆಲ್‌ನಿಂದ ಹಿಡಿದು ಹಿಡಿಯ ತುದಿಯವರೆಗೂ ಪ್ರೀತಿಯಿಂದ ಸವರಿ ಇಟ್ಟವರು ಅವರು. ಒಬ್ಬ ಹಿರಿಯರು ತಂದ ರಿವಾಲ್ವರ್‌ನ ಲೋಹದ ಮೇಲೆ ತುಕ್ಕಿನ ಒಂದು ಚುಕ್ಕೆಯೂ ಇರಲಿಲ್ಲ. ಬ್ಲೂಯಿಂಗ್, ಅಂದರೆ ಉಕ್ಕಿಗೆ ಕೊಟ್ಟ ನೀಲಿಗಪ್ಪು ಬಣ್ಣ, ಹೊಸದರಂತೆ ಹೊಳೆಯುತ್ತಿತ್ತು. ಹಿಡಿ ಮಾತ್ರ ಬೆರಳು ಒತ್ತಿದಲ್ಲಿ ಕುಳಿ ಬಿದ್ದು ಹಾಗೇ ನಿಲ್ಲುತ್ತಿತ್ತು. ಬೆರಳು ಎತ್ತಿದರೆ ಸಣ್ಣ ನೂಲಿನಂತೆ ಎಳೆ ಎದ್ದು ಬರುತ್ತಿತ್ತು. "ಎಣ್ಣೆ ಹಾಕಿದ್ದೇ ತಪ್ಪಾಯ್ತಾ?" ಅಂತ ಕೇಳಿದರು. ಲೋಹಕ್ಕೆ ಹಾಕಿದ್ದು ಸರಿ, ರಬ್ಬರ್‌ಗೆ ಮುಟ್ಟಿಸಬಾರದಿತ್ತು ಅಂದೆ. ಯಾರೂ ಅವರಿಗೆ ಇದನ್ನು ಹೇಳಿರಲಿಲ್ಲ.

ಹಾಗಾದರೆ ತೊಳೆಯುವುದೇ ಬೇಡವಾ? ಒಂದು ಸಲ ತೊಳೆಯಿರಿ. ಅದು ರಿಪೇರಿ ಅಂತ ಅಂದುಕೊಳ್ಳಬೇಡಿ, ಪರೀಕ್ಷೆ ಅಂದುಕೊಳ್ಳಿ. ಮೊದಲು ತೋಟಾ ಕೂರುವ ಸಿಲಿಂಡರ್ ತೆರೆದು ಖಾಲಿ ಮಾಡಿ. ಅದರ ಎಲ್ಲ ರಂಧ್ರಗಳನ್ನೂ ಕಣ್ಣಿಂದಲೂ ಬೆರಳಿಂದಲೂ ನೋಡಿ. ತೋಟಾಗಳನ್ನು ಬೇರೆ ಕೋಣೆಯಲ್ಲಿ ಇಟ್ಟು ಬನ್ನಿ. ಹಿಡಿಯನ್ನು ಫ್ರೇಮ್‌ನಿಂದ, ಅಂದರೆ ರಿವಾಲ್ವರ್‌ನ ಲೋಹದ ಚೌಕಟ್ಟಿನಿಂದ, ಬಿಚ್ಚಿ. ಬಿಚ್ಚದೆ ರಿವಾಲ್ವರ್ ಸಮೇತ ನಲ್ಲಿ ಕೆಳಗೆ ಹಿಡಿದವರನ್ನೂ ಕಂಡಿದ್ದೇನೆ, ದಯವಿಟ್ಟು ಬೇಡ. ಪಾತ್ರೆ ತೊಳೆಯುವ ಲಿಕ್ವಿಡ್ ನಾಲ್ಕು ಹನಿ, ಉಗುರುಬೆಚ್ಚಗಿನ ನೀರು, ಹಳೇ ಹಲ್ಲುಜ್ಜುವ ಬ್ರಷ್. ಗೆರೆಗಳ ಸಂದಿಯೆಲ್ಲ ತಿಕ್ಕಿ, ತೊಳೆದು, ನೆರಳಲ್ಲಿ ಪೂರ್ತಿ ಒಣಗಿಸಿ. ಆಮೇಲೆ ಏನನ್ನೂ ಹಚ್ಚದೆ ಒಂದೆರಡು ವಾರ ಸುಮ್ನೆ ಬಿಡಿ.

ಆ ಹೊತ್ತಿಗೂ ಒಣಗಿಯೇ ಇದ್ದರೆ ನಿಮ್ಮ ಅದೃಷ್ಟ ಚೆನ್ನಾಗಿದೆ. ಮೇಲೆ ಕೂತಿದ್ದದ್ದು ಹಳೇ ಎಣ್ಣೆ, ಬೆವರು, ಧೂಳು ಅಷ್ಟೇ. ಮತ್ತೆ ಅಂಟಿದರೆ ರಬ್ಬರ್ ಒಳಗಿನಿಂದಲೇ ಹೋಗಿದೆ. ಇನ್ನೊಂದು ಗುರುತು ಉಗುರಿನದು. ಕಣ್ಣಿಗೆ ಬೀಳದ ಒಳಬದಿಯಲ್ಲಿ ಉಗುರಿನಿಂದ ಒತ್ತಿ ನೋಡಿ. ಗುರುತು ಮೇಲೆದ್ದು ಮಾಯವಾದರೆ ಜೀವ ಇದೆ. ಹಾಗೇ ಉಳಿದರೆ ಹೊಸ ಹಿಡಿ ತನ್ನಿ. ಹೋದ ರಬ್ಬರ್‌ಗೆ ಮತ್ತೆ ಜೀವ ತುಂಬುವ ದ್ರವ ಯಾವುದನ್ನೂ ನಾನು ಕಂಡಿಲ್ಲ. ಬಾಟಲಿಯ ಮೇಲೆ ಏನೇ ಬರೆದಿರಲಿ, ತುಂಡಾದ ಎಳೆ ಕೂಡುವುದಿಲ್ಲ.

ನಿಜವಾಗಿ ಸರಿಹೋಗುವ ಸಂದರ್ಭವೂ ಒಂದಿದೆ. ಕೆಲವು ಹಿಡಿಗಳು ಒಳಗೆ ಗಟ್ಟಿ ಪ್ಲಾಸ್ಟಿಕ್. ಮೇಲೆ ಮಾತ್ರ ವೆಲ್ವೆಟ್‌ನಂತೆ ಮೆತ್ತನೆಯ ತೆಳು ಲೇಪ ಇರುತ್ತದೆ. ಇದು ಹೆಚ್ಚಾಗಿ ಪಾಲಿಯುರಿಥೇನ್. ಗಾಳಿಯ ತೇವ ಇದನ್ನು ನಿಧಾನವಾಗಿ ಒಡೆಯುತ್ತದೆ. ಹಳೇ ಕ್ಯಾಮೆರಾ, ರೇಡಿಯೋ ಗುಂಡಿಗಳು ಅಂಟುವುದೂ ಬಹಳ ಸಲ ಇದರಿಂದಲೇ. ಹೀಗಿದ್ದರೆ ಐಸೊಪ್ರೊಪೈಲ್ ಆಲ್ಕೋಹಾಲ್ ಬಟ್ಟೆಗೆ ಹಾಕಿ, ತಾಳ್ಮೆಯಿಂದ ಲೇಪ ಪೂರ್ತಿ ಹೋಗುವವರೆಗೆ ಒರೆಸಬಹುದು. ಅರ್ಧಕ್ಕೆ ನಿಲ್ಲಿಸಬೇಡಿ, ಉಳಿದ ಅರ್ಧ ಮತ್ತೆ ಅಂಟುತ್ತದೆ. ಕೊನೆಗೆ ಸಿಗುವ ಪ್ಲಾಸ್ಟಿಕ್ ಸ್ವಲ್ಪ ಜಾರುತ್ತದೆ, ಆದರೆ ಅಂಟುವುದಿಲ್ಲ. ಮೊದಲು ಒಳಬದಿಯ ಮೂಲೆಯಲ್ಲಿ ಪರೀಕ್ಷಿಸಿ. ಅಸಿಟೋನ್ ಬೇಡವೇ ಬೇಡ. ಎಷ್ಟೋ ಪ್ಲಾಸ್ಟಿಕ್‌ಗಳನ್ನು ಅದು ಕರಗಿಸಿಬಿಡುತ್ತದೆ.

ಪೌಡರ್ ಹಾಕುವವರೂ ಇದ್ದಾರೆ. ಒಂದು ದಿನದ ಮಟ್ಟಿಗೆ ಕೈಗೆ ಅಂಟುವುದು ನಿಲ್ಲುತ್ತದೆ, ರಬ್ಬರ್‌ಗೆ ತೊಂದರೆಯೂ ಇಲ್ಲ. ಆದರೆ ಬೆವರು ಬಂದರೆ ಅದೇ ಪೌಡರ್ ಹಿಟ್ಟಿನಂತೆ ಕಲಸಿಕೊಳ್ಳುತ್ತದೆ, ಟ್ರಿಗರ್ ಸಂದಿಗೂ ಇಳಿಯುತ್ತದೆ. ಡ್ಯಾಶ್‌ಬೋರ್ಡ್ ಪಾಲಿಶ್, ಸಿಲಿಕೋನ್ ಸ್ಪ್ರೇ ಇನ್ನೊಂದು ಅಪಾಯ. ಹಿಡಿ ನುಣುಪಾಗುತ್ತದೆ. ಗುಂಡು ಹಾರಿದಾಗ ರಿವಾಲ್ವರ್ ಕೈಯಲ್ಲಿ ತಿರುಗುತ್ತದೆ. ಅಂಟುವ ಹಿಡಿಯೂ ಅಷ್ಟೇ ಕೆಟ್ಟದ್ದು. ಕೈ ಕೂತ ಜಾಗ ಸರಿಯಿಲ್ಲದಿದ್ದರೆ ಸರಿಸಿಕೊಳ್ಳಲು ಬಿಡುವುದಿಲ್ಲ, ಬಟ್ಟೆಯನ್ನು ಹಿಡಿದುಕೊಳ್ಳುತ್ತದೆ. "ನೋಡೋಕೆ ಅಸಹ್ಯ ಅಷ್ಟೇ, ಕೆಲಸಕ್ಕೇನೂ ತೊಂದರೆ ಇಲ್ಲ" ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ.

ಬಿಚ್ಚುವ ಬಗ್ಗೆ ಜಾಸ್ತಿ ಹೇಳುವ ಅಗತ್ಯ ಇಲ್ಲ, ಒಂದೆರಡು ಮಾತು ಸಾಕು. ಪಾಕ್‌ಮೇಯರ್ ಕಂಪನಿಯದರಂಥ ಎರಡು ತುಂಡಿನ ಹಿಡಿಯಲ್ಲಿ ಅಡ್ಡಲಾಗಿ ಒಂದು ಸ್ಕ್ರೂ ಇರುತ್ತದೆ. ಅದನ್ನು ಕೆಲವು ಸುತ್ತು ಸಡಿಲಿಸಿ, ಸ್ಕ್ರೂ ತಲೆಯನ್ನೇ ಹೆಬ್ಬೆರಳಿನಿಂದ ಒಳಗೆ ಒತ್ತಿ. ಆಚೆಬದಿಯ ತುಂಡು ತಾನೇ ಮೇಲೇಳುತ್ತದೆ. ಸಂದಿಗೆ ಸ್ಕ್ರೂಡ್ರೈವರ್ ತೂರಿಸಿ ಎಬ್ಬಿದರೆ ಫ್ರೇಮ್ ಮೇಲೆ ಗೀರು ಗ್ಯಾರಂಟಿ. ಹೋಗ್ ಕಂಪನಿಯ ಒಂದೇ ತುಂಡಿನ ಹಿಡಿಗೆ ಸ್ಕ್ರೂ ತಳದಲ್ಲಿರುತ್ತದೆ. ಬಿಚ್ಚಿದರೆ ಕೆಳಕ್ಕೆ ಜಾರಿ ಬರುತ್ತದೆ. ಒಳಗೆ ಫ್ರೇಮ್‌ನ ಸಣ್ಣ ಪಿನ್ನಿಗೆ ಸಿಕ್ಕಿಸಿರುವ ಲೋಹದ ಕೊಂಡಿಯನ್ನು ಎತ್ತಿಟ್ಟುಕೊಳ್ಳಿ, ಅದು ಇಲ್ಲದೆ ಹಿಡಿ ಕೂರುವುದಿಲ್ಲ.

ಈಗ ನನ್ನ ತಾಳ್ಮೆ ಕೆಡಿಸುವ ಎರಡನೇ ವಿಷಯ. ಸ್ಮಿತ್ ಆಂಡ್ ವೆಸನ್ ಕಂಪನಿಯ ಕೆ, ಎಲ್, ಎನ್ ಫ್ರೇಮ್ (ಇವು ಫ್ರೇಮ್ ಅಳತೆಯ ಹೆಸರುಗಳು) ರಿವಾಲ್ವರ್‌ಗಳಲ್ಲಿ ಹಿಡಿ ಬಿಚ್ಚಿದರೆ ಮುಂಭಾಗದ ಪಟ್ಟಿಯಲ್ಲಿ, ಕೆಳಗಡೆ, ಒಂದು ಸಣ್ಣ ಸ್ಕ್ರೂ ಕಾಣುತ್ತದೆ. ಬೆರಳುಗಳ ಕಡೆಯನ್ನೂ ಸುತ್ತಿಕೊಳ್ಳುವ ರಬ್ಬರ್ ಹಿಡಿಯಲ್ಲಿ ಅದು ಪೂರ್ತಿ ಮುಚ್ಚಿಹೋಗಿರುತ್ತದೆ. ಹಾಗಾಗಿ ಮೊದಲ ಸಲ ನೋಡಿದವರು ಇದೂ ಹಿಡಿಯ ಸ್ಕ್ರೂ ಅಂತ ತಿರುಗಿಸುತ್ತಾರೆ. ಅದು ಹಿಡಿಗೆ ಸೇರಿದ್ದೇ ಅಲ್ಲ. ತೋಟಾ ಸಿಡಿಸಲು ಬಡಿಯುವ ಹ್ಯಾಮರ್‌ಗೆ ಬಲ ಕೊಡುವ ಪಟ್ಟಿ ಸ್ಪ್ರಿಂಗನ್ನು ಬಾಗಿಸಿ ಹಿಡಿದಿರುವ ಸ್ಕ್ರೂ ಅದು. ಸಡಿಲವಾದರೆ ಟ್ರಿಗರ್ ಹಗುರಾಗುತ್ತದೆ, "ಅರೆ, ಎಷ್ಟು ಸ್ಮೂತ್ ಆಯ್ತು" ಅಂತ ಸಂತೋಷವೂ ಆಗುತ್ತದೆ. ಆಮೇಲೆ ಹ್ಯಾಮರ್ ಮೆಲ್ಲಗೆ ಬಡಿದು ತೋಟಾ ಸಿಡಿಯದೇ ಉಳಿಯುತ್ತದೆ. ಹಿಡಿ ಬದಲಿಸಿದ ಮೇಲೆ ಗುಂಡು ಹಾರುತ್ತಿಲ್ಲ ಅಂತ ಬರುವ ರಿವಾಲ್ವರ್‌ಗಳಲ್ಲಿ ನಾನು ಮೊದಲು ಮುಟ್ಟಿ ನೋಡುವುದು ಇದನ್ನೇ. ಅದು ಪೂರ್ತಿ ಬಿಗಿಯಾಗಿ ಇರಬೇಕು. ನೀವು ಮುಟ್ಟಲೇಬೇಡಿ.

ಹಿಡಿ ಬಿಚ್ಚಿದ ಮೇಲೆ ಫ್ರೇಮನ್ನೂ ಒಮ್ಮೆ ನೋಡಿ. ರಬ್ಬರ್ ಕೆಳಗೆ ಬೆವರು, ತೇವ ಸಿಕ್ಕಿಕೊಳ್ಳುತ್ತದೆ. ಹೊರಗೆ ಫಳಫಳ ಇದ್ದರೂ ಒಳಗೆ ಕಂದು ತುಕ್ಕು ಕೂತಿರಬಹುದು. ಅಂಟಿದ ಕಪ್ಪು ಗೋಂದನ್ನು ಆಲ್ಕೋಹಾಲ್‌ನಲ್ಲಿ ನೆನೆಸಿದ ಬಟ್ಟೆಯಿಂದ ತೆಗೆದರೆ ಬ್ಲೂಯಿಂಗ್‌ಗೆ ಏನೂ ಆಗುವುದಿಲ್ಲ. ಕೆರೆಯಬೇಡಿ. ನಿಕ್ಕಲ್ ಲೇಪದ ರಿವಾಲ್ವರ್ ಆದರೆ ಅಮೋನಿಯಾ ಇರುವ ಕ್ಲೀನರ್ ಹತ್ತಿರವೂ ತರಬೇಡಿ. ಕೆಲವದರಲ್ಲಿ ನಿಕ್ಕಲ್ ಕೆಳಗೆ ತಾಮ್ರದ ಪದರ ಇರುತ್ತದೆ. ಲೇಪ ಎಲ್ಲಾದರೂ ಸೀಳಿದ್ದರೆ ಅಮೋನಿಯಾ ಅಲ್ಲಿಂದ ನುಗ್ಗಿ ತಾಮ್ರವನ್ನು ತಿನ್ನುತ್ತದೆ, ನಿಕ್ಕಲ್ ಚಕ್ಕೆಚಕ್ಕೆಯಾಗಿ ಏಳುತ್ತದೆ. ತುಕ್ಕು ಆಳಕ್ಕೆ ಇಳಿದಿದ್ದರೆ ಬಲ್ಲವರಿಗೆ ತೋರಿಸಿ. ಲೋಹಕ್ಕೆ ತೆಳುವಾಗಿ ಎಣ್ಣೆ ಸವರಿ, ಒಣ ಬಟ್ಟೆಯಿಂದ ಒರೆಸಿ, ಆಮೇಲೆ ಹೊಸ ಹಿಡಿ ಹಾಕಿ.

ಇಲ್ಲಿ ಒಂದು ಎಚ್ಚರಿಕೆ. ನಿಮ್ಮದು ನಿಜವಾಗಿ ಹಳೆಯದಾಗಿ, ಹಿಡಿ ಕಲ್ಲಿನಂತೆ ಗಟ್ಟಿ ಇದ್ದು, ಬಣ್ಣ ಮಾತ್ರ ಕಪ್ಪಿನಿಂದ ಕಂದಿಗೆ ತಿರುಗಿದ್ದರೆ ಮೇಲೆ ಹೇಳಿದ್ದೆಲ್ಲ ನಿಮಗೆ ಅನ್ವಯಿಸುವುದಿಲ್ಲ. ಅದು ಎಬೊನೈಟ್, ಅಂದರೆ ಗಂಧಕ ಜಾಸ್ತಿ ಸೇರಿಸಿ ಗಟ್ಟಿ ಮಾಡಿದ ರಬ್ಬರ್. 19ನೇ ಶತಮಾನದ ಕೊನೆಯ ಎಷ್ಟೋ ರಿವಾಲ್ವರ್‌ಗಳಲ್ಲೂ, 1915ರಲ್ಲಿ ಬಂದ ಬ್ರಿಟಿಷ್ ಸೇನೆಯ ರಿವಾಲ್ವರ್ ವೆಬ್ಲಿ ಮಾರ್ಕ್ 6ರಲ್ಲೂ ಇದೇ ಇತ್ತು. ಇದು ಅಂಟುವುದಿಲ್ಲ, ಪೆಡಸಾಗುತ್ತದೆ. ಬೆಳಕಿಗೆ ಬಣ್ಣ ಹೋಗುತ್ತದೆ. ಬಿಸಿನೀರು ಬಿದ್ದರೆ ಇನ್ನೂ ಬೇಗ ಹೋಗುತ್ತದೆ. ಸೋಪು, ಬ್ರಷ್ ಯಾವುದೂ ಬೇಡ. ಒಣ ಬಟ್ಟೆ ಸಾಕು, ಕತ್ತಲೆ ಜಾಗ ಸಾಕು. ಸ್ಕ್ರೂ ಒಂದು ಚೂರು ಬಿಗಿ ಮಾಡಿದರೂ ಚಟ್ಟನೆ ಸೀಳುತ್ತದೆ.

ಹೊಸ ಹಿಡಿ ಕೊಳ್ಳುವಾಗ ರಿವಾಲ್ವರ್ ಹೆಸರು ಮಾತ್ರ ಹೇಳಿದರೆ ಸಾಲದು. ಫ್ರೇಮ್ ಅಳತೆ ಬೇಕು, ತಳ ಚೌಕವೋ ದುಂಡೋ ಗೊತ್ತಿರಬೇಕು. ಸ್ಮಿತ್ ಆಂಡ್ ವೆಸನ್‌ನಲ್ಲಿ ಕೆ ಮತ್ತು ಎಲ್ ಒಂದೇ ಅಳತೆ, ಜೆ ಚಿಕ್ಕದು, ಎನ್ ದೊಡ್ಡದು. ಚೌಕ ತಳದ ಫ್ರೇಮ್‌ಗೆ ದುಂಡು ತಳದ ಹಿಡಿ ಕೂರುವುದೇ ಇಲ್ಲ. ಚಾಕು ಹಿಡಿದು ಕೆತ್ತಿ ಕೂರಿಸಲು ಹೋಗಬೇಡಿ. ಹಾಕಿದ ಮೇಲೆ ಅಲುಗಾಡಬಾರದು. ಸಿಲಿಂಡರ್ ತೆರೆದು, ಖಾಲಿ ತೋಟಾ ಚಿಪ್ಪುಗಳನ್ನು ಹಾಕಿ ಹೊರಗೆ ತಳ್ಳಿ ನೋಡಿ. ದಪ್ಪ ಹಿಡಿಯಾದರೆ ಅದರ ಎಡಬದಿಗೆ ಹತ್ತಿರದ ಚಿಪ್ಪು ಅದಕ್ಕೇ ತಗುಲಿ ನಿಲ್ಲುತ್ತದೆ. ಎಲ್ಲ ತೋಟಾಗಳನ್ನೂ ಒಟ್ಟಿಗೆ ತುಂಬುವ ಸ್ಪೀಡ್‌ಲೋಡರ್ ಬಳಸುವವರು ಅದನ್ನೂ ಇಟ್ಟು ನೋಡಿ.

ಒಬ್ಬ ಯುವಕ ತೀರಿಕೊಂಡ ತಂದೆಯ ರಿವಾಲ್ವರ್ ತಂದಿದ್ದ. ಹಿಡಿ ಕರಗುತ್ತಿದೆ, ಆದರೆ ಬದಲಿಸಲು ಮನಸ್ಸಿಲ್ಲ. "ಅಪ್ಪ ಹಿಡಿದಿದ್ದು ಇದನ್ನೇ ಅಲ್ವಾ" ಅಂದ. ಅವನ ಮಾತು ನನಗೆ ಅರ್ಥವಾಯಿತು. ಆದರೆ ರಬ್ಬರ್ ಹಿಡಿಯನ್ನು ಬಹಳ ಜನ ಆಮೇಲೆ ಕೊಂಡು ಹಾಕಿಸಿಕೊಂಡಿರುತ್ತಾರೆ, ಕಾರ್ಖಾನೆಯಿಂದ ಬಂದ ಮರದ ಹಿಡಿ ಮನೆಯಲ್ಲೇ ಎಲ್ಲೋ ಇರುತ್ತದೆ. ಹುಡುಕಿ ನೋಡು ಅಂದೆ. ಸಿಕ್ಕಿತು. ಬಲಬದಿಯ ತುಂಡಿನ ಒಳಗೆ ಒತ್ತಿದ್ದ ನಂಬರು ರಿವಾಲ್ವರ್ ನಂಬರಿಗೆ ಸರಿಯಾಗಿ ಹೊಂದಿತು. ಹಳೇ ಸ್ಮಿತ್ ಆಂಡ್ ವೆಸನ್‌ಗಳಲ್ಲಿ ಹೀಗೆ ಇರುವುದುಂಟು. ಆ ಜೋಡಿ ಸಿಕ್ಕರೆ ರಿವಾಲ್ವರ್‌ನ ಬೆಲೆಯೂ ಹೆಚ್ಚುತ್ತದೆ. ಹಾಗಾಗಿ ಹೊಸದು ಕೊಳ್ಳುವ ಮೊದಲು ಮನೆಯ ಡ್ರಾಯರ್, ಹಳೇ ಡಬ್ಬಿ ಎಲ್ಲ ತಡಕಾಡಿ.

ಹಳೇ ಅಂಟು ಹಿಡಿಯನ್ನು ರಿವಾಲ್ವರ್ ಜೊತೆ ಒಂದೇ ಪೆಟ್ಟಿಗೆಯಲ್ಲಿ ಇಡಬೇಡಿ. ಜಿನುಗಿದ್ದು ಪೆಟ್ಟಿಗೆಯ ಸ್ಪಂಜಿಗೆ, ಪ್ಲಾಸ್ಟಿಕ್‌ಗೆ, ಹೊಸ ಹಿಡಿಗೆ ಎಲ್ಲಕ್ಕೂ ಹತ್ತುತ್ತದೆ. ಎಸೆಯುವುದಾದರೆ ಸ್ಕ್ರೂ ಮತ್ತು ಅದು ಕೂರುವ ಲೋಹದ ಬುಷ್ ಬಿಚ್ಚಿ ಇಟ್ಟುಕೊಳ್ಳಿ. ರೂಗರ್ ಕಂಪನಿಯ ಜಿಪಿ 100 ರಿವಾಲ್ವರ್ ಆಗಿದ್ದರೆ ಹಿಡಿಯ ಒಳಭಾಗವನ್ನು ಮರೆಯದೆ ನೋಡಿ. ಹ್ಯಾಮರ್ ಸ್ಪ್ರಿಂಗ್ ಬಿಚ್ಚುವಾಗ ಬೇಕಾಗುವ ಸಣ್ಣ ಪಿನ್ನನ್ನು ಕಾರ್ಖಾನೆಯವರು ಬಹಳ ಸಲ ಅಲ್ಲೇ ಇಟ್ಟಿರುತ್ತಾರೆ. ಎಷ್ಟೋ ಜನ ಅದನ್ನು ಹಿಡಿಯ ಜೊತೆಗೇ ಕಸಕ್ಕೆ ಹಾಕಿ, ಆಮೇಲೆ ನನ್ನ ಹತ್ತಿರ ಬಂದು ಕೇಳುತ್ತಾರೆ.