ಮನೆಯಲ್ಲಿ ಒಬ್ಬರಾದ ಮೇಲೆ ಒಬ್ಬರಿಗೆ ಕುರು ಏಳುತ್ತಿದೆ, ಏನು ಮಾಡುವುದು?

ಪ್ರಶ್ನೆ: ಮಗನ ತೊಡೆಯ ಕುರು ವಾಸಿಯಾಯಿತು ಅನ್ನುವಷ್ಟರಲ್ಲಿ ನನ್ನ ಕಂಕುಳಲ್ಲಿ ಒಂದು ಎದ್ದಿತು. ಈಗ ನಮ್ಮ ಯಜಮಾನರ ಕುತ್ತಿಗೆಯಲ್ಲಿ. ಮಾವಿನ ಹಣ್ಣಿನ ಉಷ್ಣ ಎನ್ನುತ್ತಾರೆ ಅತ್ತೆ. ಇದು ಅಂಟುತ್ತದೆಯೇ?

ಉತ್ತರ: ಅಂಟುತ್ತದೆ. ಮಾವಿನ ಹಣ್ಣಿನ ತಪ್ಪೇನೂ ಇಲ್ಲ. ಕುರು ಏಳುವುದು ಬಹುತೇಕ ಸ್ಟೆಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾದಿಂದ. ಆರೋಗ್ಯವಂತರಲ್ಲೂ ಹತ್ತರಲ್ಲಿ ಸುಮಾರು ಮೂವರ ಮೂಗಿನೊಳಗೆ ಇದು ತಂಟೆ ಮಾಡದೆ ಬೀಡುಬಿಟ್ಟಿರುತ್ತದೆ. ಬೇಸಿಗೆಯಲ್ಲಿ ಬೆವರು, ಬಿಗಿ ಬಟ್ಟೆಯ ತಿಕ್ಕಾಟ, ಬೆವರುಸಾಲೆ ಕೆರೆದ ಉಗುರಿನ ಗೀರು ಎಲ್ಲ ಸೇರಿ ಅದಕ್ಕೆ ಚರ್ಮದೊಳಗೆ ದಾರಿ ಮಾಡಿಕೊಡುತ್ತವೆ. ಮಾವಿನ ಸುಗ್ಗಿಯೂ ಅದೇ ಹೊತ್ತಿಗೆ ಬರುವುದರಿಂದ ಅಪವಾದ ಹಣ್ಣಿನ ತಲೆಗೆ.

ಒಬ್ಬರಿಂದ ಒಬ್ಬರಿಗೆ ದಾಟಿಸುವುದು ಮುಖ್ಯವಾಗಿ ಕೀವು, ಕೈ ಮತ್ತು ಬಟ್ಟೆ. ಬಚ್ಚಲಮನೆಯ ಗೂಟಕ್ಕೆ ನೇತುಹಾಕಿದ ಟವೆಲನ್ನೇ ನೋಡಿ. ಬೆಳಿಗ್ಗೆ ಮಗ ತೊಡೆ ಒರೆಸಿಕೊಂಡ, ಆಮೇಲೆ ನೀವು ಕಂಕುಳು ಒರೆಸಿಕೊಂಡಿರಿ, ಮಡಿಕೆಯ ಒಳಭಾಗ ಸಂಜೆಯಾದರೂ ಒಣಗಿಲ್ಲ. ಈ ಬ್ಯಾಕ್ಟೀರಿಯಾ ಬಟ್ಟೆಯ ಮೇಲೆ ದಿನಗಟ್ಟಲೆ ಬದುಕಬಲ್ಲದು. ಆದ್ದರಿಂದ ಮೊದಲ ಕೆಲಸ, ಒಬ್ಬೊಬ್ಬರಿಗೂ ಒಂದೊಂದು ಟವೆಲ್. ಗುರುತಿಗೆ ಬೇರೆ ಬೇರೆ ಬಣ್ಣ ಇರಲಿ. ರೇಜರ್, ಮೈಯುಜ್ಜುವ ಬ್ರಷ್, ಸೋಪು ಕೂಡ ಹಾಗೆಯೇ. ಕ್ಷೌರದಂಗಡಿಯಲ್ಲಿ ಹೊಸ ಬ್ಲೇಡ್ ಹಾಕಿಸಿಕೊಳ್ಳಲು ಸಂಕೋಚ ಬೇಡ.

ಕುರು ಇದ್ದವರ ಟವೆಲ್, ದಿಂಬಿನ ಚೀಲ, ಒಳಉಡುಪನ್ನು ಕೊಡವದೆ ಬೇರೆ ಬಕೆಟ್ಟಿಗೆ ಹಾಕಿ. ಮಷೀನ್‌ನಲ್ಲಾದರೆ 60 ಡಿಗ್ರಿ ಬಿಸಿಯಲ್ಲಿ ಒಗೆಯಿರಿ. ಮಷೀನ್ ಇಲ್ಲದಿದ್ದರೆ ಡಿಟರ್ಜೆಂಟ್ ಹಾಕಿ ಕುದಿಯುವ ನೀರು ಹುಯ್ದು ಅರ್ಧ ಗಂಟೆ ನೆನೆಸಿ, ಆರಿದ ಮೇಲೆ ಒಗೆದು ಗರಿಗರಿ ಒಣಗುವವರೆಗೆ ಬಿಸಿಲಿಗೆ ಹಾಕಿ.

ಕುರುವನ್ನು ಹಿಂಡಲೇಬೇಡಿ. ಹಿಂಡಿದರೆ ಕೀವು ಹೊರಗಷ್ಟೇ ಅಲ್ಲ, ಒಳಗೂ ನುಗ್ಗಿ ಸುತ್ತಲಿನ ಚರ್ಮಕ್ಕೆ ಹರಡುತ್ತದೆ. ಮೂಗು, ಮೇಲ್ದುಟಿಯ ಸುತ್ತ ಇದ್ದರಂತೂ ಸೋಂಕು ರಕ್ತನಾಳದ ಮೂಲಕ ಮಿದುಳಿನ ಕಡೆಗೆ ಹೋಗುವ ಅಪಾಯವಿದೆ. ಬೆಲ್ಲ-ಸುಣ್ಣ ಮೆತ್ತುವುದೂ ಬೇಡ, ಸುಣ್ಣ ಚರ್ಮ ಸುಡುತ್ತದೆ. ಶುಚಿಯಾದ ಬಟ್ಟೆಯನ್ನು ಬಿಸಿನೀರಿನಲ್ಲಿ ಅದ್ದಿ ಹಿಂಡಿ, ಹಿತವಾದ ಬಿಸಿಯಲ್ಲಿ 10ರಿಂದ 15 ನಿಮಿಷ, ದಿನಕ್ಕೆ ಮೂರು-ನಾಲ್ಕು ಸಲ ಶಾಖ ಕೊಡಿ. ತಾನಾಗಿ ಒಡೆದರೆ ಸೋಪುನೀರಲ್ಲಿ ತೊಳೆದು, ಗಾಯಕ್ಕೆ ಕಟ್ಟುವ ಒಣ ಗಾಜ್ ಬಟ್ಟೆ ಇಟ್ಟು ಅಂಚು ಬಿಡದಂತೆ ಟೇಪ್ ಹಚ್ಚಿ. ಒದ್ದೆಯಾದ ಕೂಡಲೇ ಬದಲಿಸಿ, ಹಳೆಯದನ್ನು ಕವರಿನಲ್ಲಿ ಕಟ್ಟಿ ಕಸಕ್ಕೆ ಹಾಕಿ.

ಕುರುವನ್ನೋ ಅದರ ಬಟ್ಟೆಯನ್ನೋ ಮುಟ್ಟಿದ ಪ್ರತಿ ಸಲ ಕೈಯನ್ನು 20 ಸೆಕೆಂಡ್ ತೊಳೆಯಿರಿ, ಉಗುರಿನ ಸಂದೂ ಸೇರಿ. ಮಾಮೂಲಿ ಸೋಪು ಸಾಕು, ಆಂಟಿಬ್ಯಾಕ್ಟೀರಿಯಲ್ ಎಂದು ಬರೆದದ್ದಕ್ಕೆ ಹೆಚ್ಚು ದುಡ್ಡು ಸುರಿಯಬೇಕಿಲ್ಲ. ಸ್ಯಾನಿಟೈಸರ್ ಆದರೆ ಕನಿಷ್ಠ 60 ಶೇಕಡ ಆಲ್ಕೋಹಾಲ್ ಇರಲಿ. ಮೂಗಿಗೆ ಬೆರಳಿಡುವ ಅಭ್ಯಾಸ ಮಕ್ಕಳಿಗೆ ಮಾತ್ರ ಇರುವುದಲ್ಲ, ದೊಡ್ಡವರೂ ಬಿಡಬೇಕು.

ಅಡುಗೆಮನೆಯ ವಿಷಯ ಹೆಚ್ಚಿನವರಿಗೆ ಹೊಳೆಯುವುದೇ ಇಲ್ಲ. ಬೆರಳಲ್ಲಿ ಕೀವಿನ ಗಾಯ ಇದ್ದವರು ಚಿತ್ರಾನ್ನ ಕಲಸಿ ಗಂಟೆಗಟ್ಟಲೆ ಹೊರಗಿಟ್ಟರೆ ಬ್ಯಾಕ್ಟೀರಿಯಾ ಅದರಲ್ಲಿ ವಿಷ ಉತ್ಪತ್ತಿ ಮಾಡಬಹುದು. ಮತ್ತೆ ಬಿಸಿ ಮಾಡಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ವಿಷ ಉಳಿಯುತ್ತದೆ. ಊಟ ಮಾಡಿದ ಕೆಲವೇ ಗಂಟೆಗಳಲ್ಲಿ ವಾಂತಿ ಶುರು. ಗಾಯ ಮಾಯುವವರೆಗೆ ಅಡುಗೆ ಬೇರೆಯವರು ಮಾಡಲಿ.

ಜ್ವರ ಬಂದರೆ, ಕೆಂಪು ಹಬ್ಬುತ್ತಿದ್ದರೆ, ಮುಖದಲ್ಲಿ ಎದ್ದಿದ್ದರೆ, ಸಕ್ಕರೆ ಕಾಯಿಲೆ ಇದ್ದರೆ, ಅಥವಾ ಕೈಗೂಸಿಗಾದರೆ ಕಾಯದೆ ವೈದ್ಯರ ಬಳಿ ಹೋಗಿ. ಹಿಂದಿನ ಸಲ ಉಳಿದ ಆಂಟಿಬಯೋಟಿಕ್ ನುಂಗಬೇಡಿ. ಇದೇ ಬ್ಯಾಕ್ಟೀರಿಯಾದ, ಸಾಮಾನ್ಯ ಆಂಟಿಬಯೋಟಿಕ್‌ಗಳಿಗೆ ಬಗ್ಗದ ಎಂಆರ್‌ಎಸ್‌ಎ ತಳಿಯೂ ಇರಬಹುದು, ಅದು ಗೊತ್ತಾಗುವುದು ಕೀವಿನ ಬ್ಯಾಕ್ಟೀರಿಯಾವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಯಿಂದ. ನಿಮ್ಮಲ್ಲಿ ಮೂವರಿಗೆ ಸುತ್ತಿ ಬಂದಿರುವುದರಿಂದ ಆ ಪರೀಕ್ಷೆಯ ಬಗ್ಗೆ ನೀವಾಗಿಯೇ ಕೇಳಿ. ಮೂಗಿನೊಳಗಿನ ಬ್ಯಾಕ್ಟೀರಿಯಾ ಕೊಲ್ಲಲು ಹಚ್ಚುವ ಮ್ಯುಪಿರೋಸಿನ್ ಮುಲಾಮನ್ನು ವೈದ್ಯರು ಬರೆದುಕೊಟ್ಟರೆ, ಮನೆಯವರೆಲ್ಲ ಒಟ್ಟಿಗೇ ಹಚ್ಚಬೇಕೇ ಎಂಬುದನ್ನೂ ವಿಚಾರಿಸಿಕೊಂಡು ಬನ್ನಿ.