ತೋಳದ ಹಾಲು ಎಷ್ಟು ದಿನ?

ಡಿಗ್ರಿಯಲ್ಲಿ ಸಮಾಜಶಾಸ್ತ್ರ ಓದಿದವರಿಗೆ, ತೋಳಗಳು ಸಾಕಿದ್ದವೆನ್ನುವ ಅಮಲಾ, ಕಮಲಾ ಗೊತ್ತಿರುತ್ತಾರೆ. ‘ಸಾಮಾಜೀಕರಣ’ದ, ಅಂದರೆ ಮಗು ಸಮಾಜದ ರೀತಿನೀತಿ ಕಲಿಯುವುದರ, ಪಾಠ ಶುರುವಾಯಿತೆಂದರೆ ಹಿಂದೆಯೇ ಈ ಹುಡುಗಿಯರು ಅಂಬೆಗಾಲಲ್ಲಿ ಬಂದುಬಿಡುತ್ತಿದ್ದರು. ಕಮಲಾ ರಾತ್ರಿ ಊಳಿಡುತ್ತಿದ್ದುದನ್ನು ನಮ್ಮ ಮೇಷ್ಟ್ರು ದನಿ ತೆಗೆದೇ ತೋರಿಸಿದ್ದರು. ಐದು ಅಂಕದ ಪ್ರಶ್ನೆ. ಬರೆದೆವು, ಅಂಕವೂ ಬಂತು. ನಿಜವೇ ಎಂದು ಯಾರೂ ಕೇಳಲಿಲ್ಲ.

ಕಥೆ ಹೀಗಿದೆ. ಬಂಗಾಳದ ಮೇದಿನಿಪುರದಲ್ಲಿ ಅನಾಥಾಲಯ ನಡೆಸುತ್ತಿದ್ದವರು ಪಾದ್ರಿ ಜೋಸೆಫ್ ಅಮೃತಲಾಲ್ ಸಿಂಗ್. 1920ರ ಅಕ್ಟೋಬರಿನಲ್ಲಿ ಕಾಡಿನ ಹಳ್ಳಿಯೊಂದರ ಬಳಿ ದೊಡ್ಡ ಹುತ್ತವನ್ನು ಅಗೆಸಿದಾಗ ತೋಳದ ಮರಿಗಳ ಜೊತೆ ಇಬ್ಬರು ಹೆಣ್ಣುಮಕ್ಕಳೂ ಮುದುಡಿ ಕೂತಿದ್ದರು ಎಂದು ಅವರು ಬರೆದರು. (ಹುತ್ತದಿಂದ ವಾಲ್ಮೀಕಿಯನ್ನೇ ಎಬ್ಬಿಸಿದ ನಾಡಿಗೆ ಇದೇನು ಮಹಾ!) ದೊಡ್ಡವಳಾದ ಕಮಲಾಗೆ ಸುಮಾರು ಎಂಟು ವರ್ಷ, ಚಿಕ್ಕವಳಾದ ಅಮಲಾಗೆ ಒಂದೂವರೆ. ಹಸಿ ಮಾಂಸ ತಿನ್ನುತ್ತಿದ್ದರಂತೆ, ಕತ್ತಲಲ್ಲಿ ಕಣ್ಣು ನೀಲಿಯಾಗಿ ಹೊಳೆಯುತ್ತಿತ್ತಂತೆ. ಅಮಲಾ ಮರುವರ್ಷವೇ ತೀರಿಕೊಂಡಳು. ಕಮಲಾ ನಿಲ್ಲುವುದನ್ನೂ ಒಂದಿಷ್ಟು ಮಾತನ್ನೂ ಕಲಿತು, 1929ರಲ್ಲಿ ಸತ್ತಳು.

ಕಣ್ಣಿನಿಂದಲೇ ಶುರು ಮಾಡೋಣ. ರಾತ್ರಿ ಬಸ್ಸಿನ ಹೆಡ್‌ಲೈಟಿಗೆ ನಾಯಿಯ ಕಣ್ಣು ಕೆಂಡದಂತೆ ಮಿನುಗುವುದನ್ನು ನೋಡಿದ್ದೀರಿ. ಅಕ್ಷಿಪಟಲದ ಹಿಂದೆ ಕನ್ನಡಿಯಂಥ ಒಂದು ಪದರವಿದ್ದು, ಒಳಬಂದ ಬೆಳಕನ್ನು ಅದು ತಿರುಗಿಸಿ ಕಳಿಸುತ್ತದೆ. ಮನುಷ್ಯರ ಕಣ್ಣಿನಲ್ಲಿ ಆ ಪದರವೇ ಇಲ್ಲ. ಎಷ್ಟು ವರ್ಷ ತೋಳದ ಜೊತೆ ಮಲಗಿದರೂ ಅದು ಬೆಳೆಯುವುದಿಲ್ಲ. ಅಲ್ಲದೆ, ಹೊರಗಿನ ಬೆಳಕು ಬೀಳದಿದ್ದರೆ ನಾಯಿಯ ಕಣ್ಣೂ ಹೊಳೆಯದು.

ಇನ್ನು ಹಾಲು. ತೋಳದ ಮರಿಗಳು ಎಂಟು ಹತ್ತು ವಾರಕ್ಕೆಲ್ಲ ಮೊಲೆ ಬಿಟ್ಟು, ದೊಡ್ಡವು ಕಕ್ಕಿಕೊಟ್ಟ ಮಾಂಸಕ್ಕೆ ಬಾಯಿ ಹಾಕುತ್ತವೆ. ಅಷ್ಟರಲ್ಲಿ ಬಿಲ ಬಿಡುವ ಹೊತ್ತೂ ಬಂದಿರುತ್ತದೆ. ಆ ವಯಸ್ಸಿನ ನಮ್ಮ ಕೂಸಿಗೆ ಕತ್ತು ನಿಂತಿದ್ದರೆ ಹೆಚ್ಚು. ಕೋತಿಮರಿಯಂತೆ ತಾಯಿಯ ಹೊಟ್ಟೆಗೆ ಕಚ್ಚಿಕೊಳ್ಳಲೂ ಅದಕ್ಕೆ ಬರುವುದಿಲ್ಲ. ಹಾಲು ಬತ್ತಿದ ಮೇಲೆ ಆ ಮಗು ಏನು ತಿಂದು ಬದುಕಿತು? ಸಾಲದ್ದಕ್ಕೆ ಇಬ್ಬರ ನಡುವೆ ಆರೇಳು ವರ್ಷದ ಅಂತರ. ಅಂದರೆ ವರ್ಷಗಳ ಅಂತರದಲ್ಲಿ ಎರಡು ಸಲ ಮನುಷ್ಯರ ಮಗು ಸಿಕ್ಕಿರಬೇಕು, ಎರಡು ಸಲವೂ ತೋಳ ತಿನ್ನದೆ ಸಾಕಿರಬೇಕು.

ಇಷ್ಟಾದರೂ ದೊಡ್ಡವರೇ ನಂಬಿದರು. ಯೇಲ್ ವಿಶ್ವವಿದ್ಯಾಲಯದಲ್ಲಿ ಮಕ್ಕಳ ಬೆಳವಣಿಗೆಯ ಬಗ್ಗೆ ಹೆಸರು ಮಾಡಿದ್ದ ಆರ್ನಾಲ್ಡ್ ಗೆಸೆಲ್ ಸಿಂಗ್ ಅವರ ದಿನಚರಿಯನ್ನೇ ನೆಚ್ಚಿ 1941ರಲ್ಲಿ ಒಂದು ಪುಸ್ತಕ ತಂದರು. ಆಮೇಲೆ ಸಮಾಜಶಾಸ್ತ್ರಜ್ಞ ವಿಲಿಯಂ ಆಗ್ಬರ್ನ್ ಮತ್ತು ಮಾನವಶಾಸ್ತ್ರಜ್ಞ ನಿರ್ಮಲ್ ಕುಮಾರ್ ಬೋಸ್ ಮೂಲವನ್ನೇ ಹುಡುಕಿಕೊಂಡು ಹೋಗಿ, 1959ರಲ್ಲಿ ವರದಿ ಬರೆದರು. ಹುಡುಗಿಯರು ಅನಾಥಾಲಯದಲ್ಲಿ ಇದ್ದದ್ದು ನಿಜ. ತೋಳದ ಬಿಲದ ಮಾತಿಗೆ ಮಾತ್ರ ಗಟ್ಟಿ ಸಾಕ್ಷಿ ಸಿಗಲಿಲ್ಲ. ಫ್ರಾನ್ಸಿನ ಸೆರ್ಜ್ ಅರೋಲ್ 2007ರಲ್ಲಿ ಇನ್ನೂ ಮುಂದೆ ಹೋದರು: ಆ ‘ದಿನಚರಿ’ಯನ್ನು ಬರೆದದ್ದು 1935ರ ನಂತರ, ಮಕ್ಕಳ ಫೋಟೋಗಳೆಂದು ಓಡಾಡುತ್ತಿರುವುದು 1937ರಲ್ಲಿ ಬೇರೆ ಹುಡುಗಿಯರನ್ನು ನಿಲ್ಲಿಸಿ ತೆಗೆದವು ಎಂದರು. ಆ ಹೊತ್ತಿಗೆ ಕಮಲಾ ಸತ್ತು ಎಂಟು ವರ್ಷವಾಗಿತ್ತು.

ಕಮಲಾಗೆ ರೆಟ್ ಸಿಂಡ್ರೋಮ್ ಇತ್ತು ಎಂಬುದು ಅರೋಲ್ ಅವರ ಊಹೆ. ಹೆಚ್ಚಾಗಿ ಹೆಣ್ಣುಮಕ್ಕಳಿಗೆ ಬರುವ ಈ ಆನುವಂಶಿಕ ತೊಂದರೆಯಲ್ಲಿ, ಮೊದಲು ಸರಿಯಾಗಿಯೇ ಬೆಳೆಯುವ ಮಗು ಒಂದು ವರ್ಷದ ಆಸುಪಾಸಿನಲ್ಲಿ ಕಲಿತ ಮಾತನ್ನೂ ಕೈಯ ಹಿಡಿತವನ್ನೂ ಕಳೆದುಕೊಳ್ಳತೊಡಗುತ್ತದೆ. ಸತ್ತವರಿಗೆ ಇಷ್ಟು ವರ್ಷದ ಮೇಲೆ ರೋಗ ಹೇಳುವುದು ನನಗೆ ಒಪ್ಪಿಗೆಯಿಲ್ಲ. ಆದರೆ ಪ್ರಶ್ನೆ ತಿರುವುಮುರುವಾಗಿದೆ ಎಂಬ ಮಾತು ಒಪ್ಪಬೇಕಾದ್ದೇ. ಕಾಡಿನಲ್ಲಿ ಬೆಳೆದದ್ದರಿಂದ ಮಾತು ಬರಲಿಲ್ಲವೋ, ಮಾತು ಬಾರದ ಮಗುವೆಂದು ಕಾಡಿಗೆ ಬಿಟ್ಟರೋ?

ಹಾಗಿದ್ದರೆ ಇದನ್ನೆಲ್ಲ ತೋಳದ ತಲೆಗೆ ಏಕೆ ಕಟ್ಟಿದರು? ಇದರ ಉತ್ತರ, ಈಗಿನ ಉತ್ತರ ಪ್ರದೇಶದ ಭಾಗವಾದ ಅವಧ್‌ನಲ್ಲಿದೆ ಅನ್ನಿಸುತ್ತದೆ. ಇಂಥ ಕಥೆಗಳನ್ನು 1852ರಲ್ಲೇ ಕಲೆಹಾಕಿ ಅಚ್ಚು ಹಾಕಿಸಿದವರು ಬ್ರಿಟಿಷ್ ಅಧಿಕಾರಿ ವಿಲಿಯಂ ಸ್ಲೀಮನ್. ಹೆಚ್ಚಿನವು ಸುಲ್ತಾನ್‌ಪುರದ ಸುತ್ತಲಿನವು. ಅಲ್ಲಿ ತೋಳಗಳು ಮಕ್ಕಳನ್ನು ಹೊತ್ತೊಯ್ಯುವುದು ಕಟ್ಟುಕಥೆಯಲ್ಲ. 1996ರಲ್ಲೂ ಪೂರ್ವ ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಹತ್ತಾರು ಮಕ್ಕಳು ತೋಳಕ್ಕೆ ಬಲಿಯಾದರು. ಹೆಣವೂ ಸಿಗದ ಮಗುವಿನ ತಾಯಿ ಕಾಯುತ್ತಲೇ ಇರುತ್ತಾಳೆ. ವರ್ಷಗಳ ಮೇಲೆ ಯಾರದೋ ಊರಿನಲ್ಲಿ ಮಾತು ಬಾರದ, ಮೈತುಂಬ ಗಾಯದ ಹುಡುಗನೊಬ್ಬ ಕಾಣಿಸಿದನೆಂದರೆ, ಅವನು ತನ್ನವನೇ ಇರಬಹುದಲ್ಲವೇ?

ಸ್ಲೀಮನ್ ಬರೆದ ಒಂದು ಪ್ರಸಂಗದಲ್ಲಿ ಹಾಗೇ ಆಗುತ್ತದೆ. ಹಳೆಯ ಗಾಯದ ಗುರುತು ನೋಡಿ ಒಬ್ಬ ತಾಯಿ ಹುಡುಗನನ್ನು ತನ್ನ ಮಗನೆಂದು ಮನೆಗೆ ಕರೆದೊಯ್ಯುತ್ತಾಳೆ. ಅವನು ಮಾತಾಡಲಿಲ್ಲ, ಅವಳನ್ನು ಹಚ್ಚಿಕೊಳ್ಳಲೂ ಇಲ್ಲ. ಸ್ವಲ್ಪ ಕಾಲ ನೋಡಿದಳು. ಆಮೇಲೆ ಊರವರು ಹಾಕುವ ಅನ್ನಕ್ಕೆ ಬಿಟ್ಟಳು.