‘ಗೆಲ್ಲುವ ಆಟವನ್ನು ಡ್ರಾ ಮಾಡಿಸಿದಿರಲ್ಲ, ಮೇಡಂ!’

ತಂಡಗಳ ಚೆಸ್ ಟೂರ್ನಿ ಮುಗಿದೊಡನೆ ಪೋಷಕರು, ತಾನು ಆಡದೆ ತಂಡ ನಡೆಸುವ ನಾಯಕಿಯಾದ ನನ್ನನ್ನು ಅಡ್ಡಗಟ್ಟುವುದು ಇದೇ ದೂರು ಹಿಡಿದು: ‘ಮಗಳಿಗೆ ಒಂದು ಕಾಲಾಳು ಹೆಚ್ಚಿತ್ತು. ಡ್ರಾಗೆ ಒಪ್ಪಿಕೋ ಎಂದು ಏಕೆ ಹೇಳಿದಿರಿ?’ ಆ ಹೊತ್ತಿಗೆ ಉಳಿದ ಬೋರ್ಡ್‌ಗಳಲ್ಲಿ ಏನಾಗಿತ್ತು ಎಂದು ಕೇಳಿದರೆ ಮುಖ ಮುಖ ನೋಡುತ್ತಾರೆ. ಅತ್ತ ಅವರು ಕಣ್ಣನ್ನೇ ಹಾಯಿಸಿರುವುದಿಲ್ಲ.

ನಾಲ್ಕು ಬೋರ್ಡ್‌ಗಳ ಪಂದ್ಯದಲ್ಲಿ ಒಂದೊಂದು ಗೆಲುವಿಗೆ ಒಂದು ಅಂಕ, ಡ್ರಾಗೆ ಅರ್ಧ; ಒಟ್ಟು ಎರಡೂವರೆ ಬಂದರೆ ತಂಡ ಗೆದ್ದಂತೆ. ದೇಶಗಳ ತಂಡಗಳು ಸೆಣಸುವ ಚೆಸ್ ಒಲಿಂಪಿಯಾಡ್‌ನಲ್ಲಿ 2008ರಿಂದ ಮೊದಲು ಲೆಕ್ಕಕ್ಕೆ ಬರುವುದು ತಂಡದ ಗೆಲುವು: ಗೆದ್ದರೆ 2, ಸಮವಾದರೆ 1. ಈಗ ದಯವಿಟ್ಟು ನಿಧಾನವಾಗಿ ಯೋಚಿಸಿ. ತಂಡ 2-1ರಿಂದ ಮುಂದಿದ್ದರೆ ಕೊನೆಯ ಬೋರ್ಡಿನ ಡ್ರಾ ಪಂದ್ಯವನ್ನೇ ಗೆದ್ದುಕೊಡುತ್ತದೆ. 1-2ರಿಂದ ಹಿಂದಿದ್ದರೆ ಅದೇ ಡ್ರಾದಿಂದ ತಂಡ ಸೋಲುತ್ತದೆ. ಆಗ ಎಂಥ ಸಮಸ್ಥಿತಿಯಲ್ಲೂ ಅಪಾಯಕ್ಕೆ ಕೈಹಾಕಲೇಬೇಕು. ಅದೇ ಹುಡುಗಿ, ಅದೇ ಸ್ಥಿತಿ, ಅದೇ ಅರ್ಧ ಅಂಕ. ಅದರ ಬೆಲೆ ಕಟ್ಟುವುದು ಮಾತ್ರ ಪಕ್ಕದ ಬೋರ್ಡ್‌ಗಳು.

2022ರ ಮಾಮಲ್ಲಪುರಂ ಒಲಿಂಪಿಯಾಡ್‌ನ ನಾಲ್ಕನೇ ಸುತ್ತಿನಲ್ಲಿ ಹಂಗೆರಿಯ ಎದುರು ಭಾರತದ ಮಹಿಳಾ ತಂಡದ ಕೊನೇರು ಹಂಪಿ, ಹಾರಿಕಾ, ವೈಶಾಲಿ ಮೂವರದೂ ಡ್ರಾ. ಪಂದ್ಯ ನಿಂತಿದ್ದು ತಾನಿಯಾ ಸಚ್‌ದೇವ್ ಮತ್ತು ಹದಿಹರೆಯದ ಝೋಕಾ ಗಾಲ್ ಅವರ ಆಟದ ಮೇಲೆ. ತಾನಿಯಾ ಗೆದ್ದರು, ಭಾರತಕ್ಕೆ 2.5-1.5. ಎರಡು ವರ್ಷಗಳ ನಂತರ ಬುಡಾಪೆಸ್ಟ್‌ನಲ್ಲಿ ಚೀನಾ ವಿರುದ್ಧವೂ ಹಾಗೆಯೇ: ದಿವ್ಯಾ ದೇಶ್‌ಮುಖ್ ನಿ ಶಿಕುನ್ ಅವರನ್ನು ಮಣಿಸಿದರು, ಉಳಿದ ಮೂರು ಡ್ರಾ. ಮರುದಿನ ಅಜರ್‌ಬೈಜಾನ್ ಅನ್ನೂ ಸೋಲಿಸಿ ನಮ್ಮವರು ಚಿನ್ನ ತಂದರು. ದಿವ್ಯಾ ಎಲ್ಲರಿಗೂ ನೆನಪಿದ್ದಾರೆ. ಚೀನಾದಂಥ ತಂಡದೆದುರು ಹಿಡಿದು ನಿಂತ ಆ ಮೂರು ಬೋರ್ಡ್‌ಗಳ ಬಗ್ಗೆ ನನ್ನನ್ನು ಒಬ್ಬರೂ ಕೇಳಿಲ್ಲ.

ನಾಯಕಿಯಾಗಿ ನಾನು ಹೇಳಬಹುದಾದದ್ದೂ ಅಷ್ಟಕ್ಕಷ್ಟೇ. ಡ್ರಾ ಕೇಳು, ಡ್ರಾಗೆ ಒಪ್ಪಿಕೋ, ಸೋಲೊಪ್ಪಿಕೋ. ಅದೂ ಪಂದ್ಯದ ಅಂಕ ನೋಡಿ. ಸ್ಥಿತಿಯ ಬಗ್ಗೆ ತುಟಿ ಬಿಚ್ಚುವಂತಿಲ್ಲ. ಶಾಲಾ ಟೂರ್ನಿಗಳಲ್ಲಿ ನಿಯಮ ಬೇರೆ ಇರಬಹುದು, ಸುತ್ತೋಲೆ ಓದಿಕೊಳ್ಳಿ.

ಒಮ್ಮೆ ನನ್ನ ವಿದ್ಯಾರ್ಥಿನಿಯೊಬ್ಬಳಿಗೆ ಎದುರಾಳಿ ಡ್ರಾ ಕೇಳಿದಳು. ಇವಳು ಎದ್ದು ಗೆಳತಿಯ ಕುರ್ಚಿಯ ಹಿಂದೆ ಹೋಗಿ ನಿಂತಳು. ಅಲ್ಲಿ ಗೆಳತಿಯ ಆನೆಯೇ ಹೋಗಿತ್ತು, ಆ ಬೋರ್ಡ್ ಸೋತಂತೆಯೇ. ವಾಪಸ್ ಬಂದು ತಲೆಯಾಡಿಸಿ ಡ್ರಾ ನಿರಾಕರಿಸಿದಳು, ರಾಜನ ಮುಂದಿನ ಕಾಲಾಳುಗಳನ್ನೇ ನುಗ್ಗಿಸಿದಳು, ಸೋತಳು. ಆವತ್ತು ಅವಳ ಅಪ್ಪನ ದೂರು: ‘ಡ್ರಾಗೆ ಏಕೆ ಒಪ್ಪಿಸಲಿಲ್ಲ, ಮೇಡಂ?’

ಕಡಿಮೆ ರೇಟಿಂಗ್‌ನವರೊಂದಿಗೆ ಡ್ರಾ ಆದರೆ ರೇಟಿಂಗ್, ಅಂದರೆ ಆಟಗಾರ್ತಿಯ ಬಲ ಅಳೆಯುವ ಅಂಕ, ಇಳಿಯುವುದು ನಿಜ. ಅದನ್ನು ಸಹಿಸಲಾಗದವರು ಮಗಳನ್ನು ವೈಯಕ್ತಿಕ ಟೂರ್ನಿಗೆ ಕಳುಹಿಸಲಿ. ತಂಡದ ಪಟ್ಟಿಗೆ ಅವಳ ಹೆಸರು ಕೊಡುವ ಮೊದಲೇ ನನಗೆ ತಿಳಿಸಿದರೆ ಉಪಕಾರವಾಗುತ್ತದೆ.